ನೆಲದಿಂದ ಎತ್ತಿಕೊಂಡ ಒಂದು ಕಾಯಿ

ಫೆಬ್ರುವರಿ ತಿಂಗಳ ಮೊದಲ ಸೋಮವಾರ, ಬೆಳಿಗ್ಗೆ ಹತ್ತೂವರೆ. ಸ್ಥಳ, ಬೀದರಿನ ಕೊಳಾರ ಕೈಗಾರಿಕಾ ಪ್ರದೇಶದಲ್ಲಿ ನಮ್ಮ ಸಂಶೋಧನಾ ಕೇಂದ್ರ ಬಾಡಿಗೆಗೆ ಹಿಡಿದಿದ್ದ ಶೆಡ್ಡು. ಹಾಜರಿದ್ದವರು ಐದು ಜನ: ಕೇಂದ್ರದ ಮುಖ್ಯಸ್ಥರು, ಪ್ಲಾಸ್ಮಾ ಯಂತ್ರದ ಎಂಜಿನಿಯರ್, ನ್ಯಾಯಾಲಯಗಳಿಗೆ ಸಾಕ್ಷಿಗಳ ಹೇಳಿಕೆ ಪರಿಶೀಲಿಸಿಕೊಡುವ ಮನಃಶಾಸ್ತ್ರಜ್ಞೆ, ಭಾಲ್ಕಿಯಿಂದ ಬರುತ್ತಿದ್ದ ಸಂಶೋಧನಾ ಸಹಾಯಕಿ, ಮತ್ತು ಗಣಿತದ ಕೆಲಸಕ್ಕೆಂದು ನಿವೃತ್ತಿಯ ನಂತರ ಕರೆಸಿಕೊಂಡಿದ್ದ ನಾನು. ಸಭೆ ಇಪ್ಪತ್ತು ನಿಮಿಷದಲ್ಲಿ ಮುಗಿಯಿತು. ಆ ಸಹಾಯಕಿ ಹುಡುಗಿಯ ಮೂರು ವರ್ಷದ ಕೆಲಸವೂ ಅಷ್ಟರಲ್ಲೇ ಮುಗಿಯಿತು. ಮುಗಿಸಿದವಳು ನಾನು.

ಪ್ರಯೋಗ ಏನೆಂದು ಮೊದಲು ಹೇಳುತ್ತೇನೆ. ತೊಗರಿ ಬೀಜವನ್ನು ಬಿತ್ತುವ ಮುಂಚೆ ಪ್ಲಾಸ್ಮಾದಲ್ಲಿ ಇಟ್ಟು ತೆಗೆದರೆ ಗಿಡ ಹೆಚ್ಚು ಕಾಯಿ ಕಟ್ಟುತ್ತದೆಯೇ ಎಂಬುದು ಪ್ರಶ್ನೆ. ಯಂತ್ರ ನೋಡಲು ಮದುವೆ ಮನೆಯ ದೊಡ್ಡ ಕುಕ್ಕರಿನಂತಿತ್ತು. ಒಳಗೆ ತಟ್ಟೆಯಲ್ಲಿ ಬೀಜ ಹರವಿ, ಮುಚ್ಚಳ ಬಿಗಿದು, ಪಂಪಿನಿಂದ ಗಾಳಿ ಎಳೆದು, ಉಳಿದ ತೆಳು ಗಾಳಿಗೆ ವಿದ್ಯುತ್ತಿನ ಒತ್ತಡ ಏರಿಸಿದರೆ ಆ ಗಾಳಿಯೇ ನೇರಳೆ ಬಣ್ಣಕ್ಕೆ ತಿರುಗಿ ಹೊಳೆಯುತ್ತಿತ್ತು. ಮೂರು ನಿಮಿಷ ಹಾಗೆ ಇಡಬೇಕು. ಹೊರಗೆ ತೆಗೆದ ಬೀಜ ಕೈಗೆ ತಣ್ಣಗೇ ಇರುತ್ತಿತ್ತು. ಮುಚ್ಚಳ ತೆಗೆದಾಗ ಝೆರಾಕ್ಸ್ ಅಂಗಡಿಯ ವಾಸನೆ. ಎಂಜಿನಿಯರ್ ಬೀದರಿನ ಹಳೇ ಊರಿನವರು, ಆ ಯಂತ್ರವನ್ನು ಬಿಡಿ ಭಾಗ ತಂದು ತಾವೇ ಕಟ್ಟಿದ್ದರು. ಹೊಸಬರು ಯಾರಾದರೂ ನೋಡಲು ಬಂದರೆ, "ಬಿರ್ಯಾನಿ ಇನ್ನ ಮೂರ ನಿಮಿಷದಾಗ ರೆಡಿ ಆಯ್ತದರಿ, ಕೂಡ್ರಿ" ಎನ್ನುತ್ತಿದ್ದರು.

ಔರಾದ ತಾಲೂಕಿನ ಠಾಣಾ ಕುಶನೂರದಲ್ಲಿ ಒಬ್ಬ ರೈತರ ಎರೆ ಹೊಲವನ್ನು ಪಟ್ಟಿಗಳಾಗಿ ಹಂಚಿದೆವು. ಯಾವ ಪಟ್ಟಿಗೆ ಪ್ಲಾಸ್ಮಾ ಬೀಜ, ಯಾವುದಕ್ಕೆ ಸಾದಾ ಬೀಜ ಎಂಬುದನ್ನು ಸ್ಟೀಲ್ ಡಬ್ಬಿಯಲ್ಲಿ ಚೀಟಿ ಹಾಕಿ ಎತ್ತಿ ನಾನೇ ನಿರ್ಧರಿಸಿದೆ. ಆ ಹಂಚಿಕೆ ಬರೆದ ಕಾಗದವನ್ನು ಲಕೋಟೆಯಲ್ಲಿ ಹಾಕಿ, ಅರಗು ಒತ್ತಿ, ನನ್ನ ಮನೆಯ ಅಲಮಾರಿಯಲ್ಲಿ ಇಟ್ಟೆ. ಬಿತ್ತಿದವರಿಗಾಗಲಿ ಎಣಿಸಿದವರಿಗಾಗಲಿ ಅದು ಗೊತ್ತಿರಲಿಲ್ಲ.

ಡಿಸೆಂಬರಿನಲ್ಲಿ ಎಣಿಕೆ ಶುರುವಾಯಿತು. ಗುರುತು ಕಟ್ಟಿದ ಗಿಡಗಳು ಇನ್ನೂರ ನಲವತ್ತು, ದಿನಕ್ಕೆ ಇಪ್ಪತ್ತರಂತೆ ಹನ್ನೆರಡು ದಿನ. ನಿಯಮಗಳನ್ನು ನಾನೇ ಬರೆದುಕೊಟ್ಟಿದ್ದೆ. ಒಂದು ಗಿಡದ ಕಾಯಿಯನ್ನೆಲ್ಲ ಬಿಡಿಸಿ ಚಾದರದ ಮೇಲೆ ಹಾಕಬೇಕು. ಕೂಲಿಯ ಹೆಂಗಸು ಎಣಿಸಿ ಸಂಖ್ಯೆಯನ್ನು ಗಟ್ಟಿಯಾಗಿ ಕರೆಯಬೇಕು, ಸಹಾಯಕಿ ಬರೆದುಕೊಳ್ಳಬೇಕು. ನೆಲಕ್ಕೆ ಉದುರಿದ ಕಾಯಿ ಲೆಕ್ಕಕ್ಕಿಲ್ಲ. ಎಣಿಸಿದ ಕಾಯಿಯನ್ನು ಬಟ್ಟೆ ಚೀಲಕ್ಕೆ ಹಾಕಿ, ನಂಬರಿನ ಬಿಲ್ಲೆ ಕಟ್ಟಿ, ಸಂಜೆ ಎಲ್ಲ ಚೀಲಗಳನ್ನೂ ಗೋಣಿಗೆ ತುಂಬಿ ಬಾಯಿ ಹೊಲಿಯಬೇಕು. ಗೋಣಿಗಳು ಕೊಳಾರದ ಶೆಡ್ಡಿಗೆ ಬಂದ ಮೇಲೆ ಎಂಜಿನಿಯರ್ ಅರಗು ಒತ್ತಿ ಸಹಿ ಮಾಡುತ್ತಿದ್ದರು. ಅಲ್ಲಿಂದ ಮುಂದೆ ಅವನ್ನು ಯಾರೂ ಬಿಚ್ಚುವಂತಿಲ್ಲ.

ನನ್ನ ಕೆಲಸ ಜನವರಿಯಲ್ಲಿ. ಎಣಿಕೆಯ ದಾಖಲೆ ನಂಬಲು ಯೋಗ್ಯವೇ ಎಂದು ಪರೀಕ್ಷಿಸಿದ ಮೇಲೆಯೇ ಲಕೋಟೆ ಒಡೆಯಬೇಕೆಂದು ನಾವು ಮೊದಲೇ ತೀರ್ಮಾನಿಸಿದ್ದೆವು. ಪರೀಕ್ಷೆ ಸರಳ. ಒಂದು ಗಿಡದಲ್ಲಿ ನೂರ ಮೂವತ್ತೇಳು ಕಾಯಿ, ಇನ್ನೊಂದರಲ್ಲಿ ನೂರ ಎಂಬತ್ತೆರಡು ಎಂದಿಟ್ಟುಕೊಳ್ಳಿ. ಇವುಗಳ ಕೊನೆಯ ಅಂಕಿ ಏಳೋ ಎರಡೋ ಆಗುವುದಕ್ಕೆ ಯಾವ ಕಾರಣವೂ ಇಲ್ಲ. ಹಾಗಾಗಿ ಇನ್ನೂರ ನಲವತ್ತು ಗಿಡಗಳಲ್ಲಿ ಸೊನ್ನೆಯಿಂದ ಒಂಬತ್ತರವರೆಗೆ ಪ್ರತಿ ಅಂಕಿಯೂ ಹೆಚ್ಚು ಕಡಿಮೆ ಇಪ್ಪತ್ನಾಲ್ಕು ಸಲ ಕೊನೆಗೆ ಬರಬೇಕು. ಮನೆಯಲ್ಲಿ ಕೂತು ಸಂಖ್ಯೆ ಹೆಣೆಯುವವರ ಕೈ ಹೀಗೆ ಸಮನಾಗಿ ನಡೆಯುವುದಿಲ್ಲ. ಅವರು ಸೊನ್ನೆಗೆ ಹೆದರುತ್ತಾರೆ, ದುಂಡು ಸಂಖ್ಯೆ ಬರೆದರೆ ಸುಳ್ಳೆಂದು ಕಾಣುತ್ತದೆ ಎಂಬ ಅಂಜಿಕೆ. ಈ ಮಾತನ್ನು ನಮ್ಮ ಕಡತದಲ್ಲಿ ಬರೆದವರು ಮನಃಶಾಸ್ತ್ರಜ್ಞೆಯೇ.

ಸಹಾಯಕಿಯ ಪುಸ್ತಕದಲ್ಲಿ ಸೊನ್ನೆಗೆ ಮುಗಿಯುವ ಸಂಖ್ಯೆಗಳು ಎರಡೇ ಎರಡು. ಒಂದಕ್ಕೆ ಮುಗಿಯುವವು ನಲವತ್ತೇಳು. ಉಳಿದ ಅಂಕಿಗಳೆಲ್ಲ ಇರಬೇಕಾದಷ್ಟೇ ಇದ್ದವು. ನಾನು ಮೂರು ಸಲ ಲೆಕ್ಕ ಹಾಕಿದೆ, ಮೂರು ಸಲವೂ ಅದೇ. ತಾನಾಗಿ ಹೀಗೆ ಆಗುವ ಸಾಧ್ಯತೆಯನ್ನು ಬರೆದಾಗ ದಶಾಂಶ ಬಿಂದುವಿನ ಮುಂದೆ ಸೊನ್ನೆಗಳ ಸಾಲೇ ನಿಂತಿತು.

ಸಭೆಯಲ್ಲಿ ನಾನು ಕೋಷ್ಟಕ ಇಟ್ಟು ಐದು ನಿಮಿಷ ಮಾತಾಡಿದೆ. ಸಹಾಯಕಿ ಕಾಗದವನ್ನು ಎರಡೂ ಕೈಯಲ್ಲಿ ಹಿಡಿದು ನೋಡಿದಳು.

"ನಾ ಒಂದೂ ನನ್ನ ಮನಸೀಲೆ ಬರ್ದಿಲ್ರಿ ಮೇಡಂ. ಅವ್ರು ಕರದದ್ದೇ ಬರದೀನಿ."

"ಹಾಗಾದರೆ ಸೊನ್ನೆಗಳು ಎಲ್ಲಿ ಹೋದವು?" ಎಂದು ಕೇಳಿದೆ.

"ನನಗ ಗೊತ್ತಿಲ್ರಿ. ಚೀಲ ಇಲ್ಲೇ ಅವಲ್ರಿ, ಬಿಚ್ಚಿ ಎಣಿಸ್ರಿ. ಈಗೇ ಎಣಿಸ್ರಿ."

ಮುಖ್ಯಸ್ಥರು ನನ್ನ ಕಡೆ ನೋಡಿದರು. ಚೀಲ ಎಣಿಸುವುದೆಂದರೆ ಮೂವರ ಒಂದು ದಿನ ಹಾಳು, ಲೆಕ್ಕವೇ ಸಾಕಷ್ಟು ಹೇಳಿದೆ, ಅದರ ಅಗತ್ಯವಿಲ್ಲ ಎಂದೆ. ಈ ಮೂರು ಮಾತನ್ನೂ ನಾನೇ ಆಡಿದ್ದು, ಇದೇ ಕ್ರಮದಲ್ಲಿ. ಸಭೆಯ ನಡಾವಳಿಯಲ್ಲಿ ದಾಖಲಾಗಿದೆ.

"ಮೇಡಂ ಹೇಳ್ಯಾರಂದ್ರ ಮುಗೀತು," ಎಂದರು ಮುಖ್ಯಸ್ಥರು.

ಮನಃಶಾಸ್ತ್ರಜ್ಞೆ ಒಬ್ಬರೇ ತಡೆದರು. ಅವರು ಚಿಕ್ಕವರಿದ್ದಾಗ ನಾನು ಮೇಲ್ವಿಚಾರಕಿಯಾಗಿದ್ದ ಹಾಸ್ಟೆಲಿನಲ್ಲಿ ಇದ್ದವರು, ನನ್ನೆದುರು ಸಲಿಗೆಯಿಂದ ಮಾತಾಡುವ ಹಕ್ಕು ಅವರಿಗಿತ್ತು. "ಮೇಡಂ, ಸುಳ್ಳ ಬರ್ದವ್ರು ಪುರಾವಿ ಬಿಚ್ಚಿ ಎಣಿಸ್ರಿ ಅಂತ ತಾವಾಗೇ ಅನ್ನಂಗಿಲ್ಲ. ಕೋರ್ಟಿನ್ಯಾಗ ಇಷ್ಟ ವರ್ಷ ನೋಡೀನಿ. ಮೊದಲ ಹೊಲದಾಗ ಎಣಿಸ್ದವ್ರನ್ನ ಕೇಳೂಣ." ನಾನು, ಅಂಕಿ ಇರುವಾಗ ಯಾರ ಮಾತೂ ಕೇಳುವ ಅಗತ್ಯವಿಲ್ಲ ಎಂದೆ. ಅವರು ನಕ್ಕರು, ಆದರೆ ಅದು ಒಳ್ಳೆಯ ನಗು ಆಗಿರಲಿಲ್ಲ. "ಹೌದ್ರಿ. ಹಾಸ್ಟೆಲಿನ್ಯಾಗೂ ಲೈಟ ಆರಿಸಿದ ಮ್ಯಾಲ ಯಾರ ಮಾತಾಡಿದ್ರು ಅಂತ ನೀವು ಕೇಳ್ತಿದ್ದಿಲ್ಲ. ಇಡೀ ಕೋಣಿಗೇ ಶಿಕ್ಷಾ." ತಮ್ಮ ಅಭಿಪ್ರಾಯವನ್ನು ಅರ್ಧ ಪುಟ ಬರೆದುಕೊಟ್ಟು ಹೋದರು. ಅದನ್ನು ವರದಿಗೆ ಲಗತ್ತಿಸಬೇಕೇ ಎಂದು ಮುಖ್ಯಸ್ಥರು ಕೇಳಿದಾಗ, ಅದರಲ್ಲಿ ಅಂಕಿ ಇಲ್ಲ, ಬೇಡ ಎಂದು ಅಂಚಿನಲ್ಲಿ ಬರೆದವಳೂ ನಾನೇ.

ಸಹಾಯಕಿಯ ಫೆಲೋಶಿಪ್ ಮರುದಿನವೇ ನಿಂತಿತು. ವಿಶ್ವವಿದ್ಯಾಲಯಕ್ಕೆ ಪತ್ರ ಹೋಯಿತು. ಮಾರ್ಚ್ ಹದಿನೈದರೊಳಗೆ ಕೇಂದ್ರದಿಂದ ಆಕ್ಷೇಪಣೆ ಇಲ್ಲವೆಂಬ ಪತ್ರ ತರದಿದ್ದರೆ ಅವಳ ಪಿಎಚ್.ಡಿ. ನೋಂದಣಿ ರದ್ದು ಎಂದು ಅಲ್ಲಿಂದ ಉತ್ತರ ಬಂತು. ಅವಳು ಎರಡು ಸಲ ಶೆಡ್ಡಿಗೆ ಬಂದು ಹೊರಗೆ ನಿಂತು ಹೋದಳಂತೆ. ಆ ಎರಡು ದಿನವೂ ನಾನು ಅಲ್ಲಿ ಇರಲಿಲ್ಲ. ಇದ್ದಿದ್ದರೂ ಮಾತಾಡಿಸುತ್ತಿದ್ದೆನೆಂದು ಹೇಳಲಾರೆ.

ಮಾರ್ಚ್ ಮೂರನೆಯ ವಾರದಲ್ಲಿ ಮುಖ್ಯಸ್ಥರು ಇನ್ನೊಂದು ಕೆಲಸ ಒಪ್ಪಿಸಿದರು. ಸುಳ್ಳು ದಾಖಲೆ ಹಿಡಿದ ಈ ವಿಧಾನವನ್ನು ಮೇಲಿನವರು ಮೆಚ್ಚಿದ್ದಾರೆ, ಬೇರೆ ಕೇಂದ್ರಗಳಿಗೂ ಮಾದರಿಯಾಗುವಂತೆ ಬರೆದುಕೊಡಿ ಎಂದರು. ನಾನು ಬೆಳಿಗ್ಗೆ ನಾಲ್ಕೂವರೆಗೆ ಏಳುವವಳು. ಐದರಿಂದ ಏಳರವರೆಗೆ ಬರೆಯುವುದು ಎಂದು ಗೊತ್ತುಮಾಡಿಕೊಂಡೆ. ಮಾದರಿ ಬರಹಕ್ಕೆ ಮೂಲ ಪುಸ್ತಕದ, ದಿನಕ್ಕೊಂದರಂತೆ ಬರೆದ ಹನ್ನೆರಡು ಪುಟಗಳನ್ನೂ ಸೇರಿಸಬೇಕಿತ್ತು. ಅದುವರೆಗೆ ನಾನು ಕಂಪ್ಯೂಟರಿಗೆ ಏರಿಸಿದ ಅಂಕಿಗಳನ್ನಷ್ಟೇ ನೋಡಿದ್ದೆ. ಪುಸ್ತಕವನ್ನು ಪುಟ ತಿರುವಿ ನೋಡಿದ್ದು ಆಗಲೇ ಮೊದಲು.

ಗುರುವಾರ ಬೆಳಿಗ್ಗೆ ಆರೂಕಾಲಿಗೆ ಒಂಬತ್ತನೆಯ ಪುಟಕ್ಕೆ ಬಂದೆ. ಆ ಎರಡು ಸೊನ್ನೆಗಳೂ ಅದೇ ಪುಟದಲ್ಲಿದ್ದವು. ಇಪ್ಪತ್ತು ಗಿಡದಲ್ಲಿ ಎರಡು ಸೊನ್ನೆ ಎಂದರೆ ಇರಬೇಕಾದಷ್ಟೇ. ಒಂದಕ್ಕೆ ಮುಗಿದವೂ ಎರಡೇ. ಆ ಒಂದು ದಿನ ಮಾತ್ರ ಎಲ್ಲವೂ ಸರಿಯಾಗಿತ್ತು. ಪ್ರತಿ ಪುಟದ ಬಲಕ್ಕೆ ಸಹಾಯಕಿ ಅಚ್ಚುಕಟ್ಟಾಗಿ ಒಂದು ಕಾಲಂ ಎಳೆದು ಎಣಿಸಿದವರ ಹೆಸರು ಬರೆದಿದ್ದಳು. ಹನ್ನೊಂದು ಪುಟಗಳಲ್ಲಿ ಒಂದೇ ಹೆಸರು, ಒಬ್ಬ ಮುದುಕಿಯದು. ಒಂಬತ್ತನೆಯ ಪುಟದಲ್ಲಿ ಬೇರೆ ಹೆಸರು. ಕೆಳಗೆ ಸಣ್ಣ ಅಕ್ಷರದಲ್ಲಿ, "ಇಂದು ಅತ್ತೆ ತೊಟ್ಟಿಲ ಕಾರ್ಯಕ್ಕೆ ಚಿಂತಾಕಿಗೆ ಹೋಗಿದ್ದರಿಂದ ಸೊಸೆ ಎಣಿಸಿದರು."

ಹೆಸರು ಅಂಕಿಯಲ್ಲ ಎಂದು ಆ ಕಾಲಮ್ಮನ್ನು ನಾನು ಕಂಪ್ಯೂಟರಿಗೆ ಏರಿಸಿಯೇ ಇರಲಿಲ್ಲ.

ಸಂಖ್ಯೆ ಕಟ್ಟಿದವಳು ಸಹಾಯಕಿಯಾಗಿದ್ದರೆ, ಎಣಿಸುವವರು ಬದಲಾದ ದಿನ ಅಂಕಿಗಳು ಯಾಕೆ ಬದಲಾಗಬೇಕು? ಏಳು ಗಂಟೆಯವರೆಗೆ ಕಾದು ಮನಃಶಾಸ್ತ್ರಜ್ಞೆಗೆ ಫೋನ್ ಮಾಡಿದೆ. ಅವರು ಪೂರ್ತಿ ಕೇಳಿಸಿಕೊಂಡರು. "ಕುಶನೂರಕ ಹೋಗ್ತೀರೇನ್ರಿ? ಹೋದ್ರ ಸೊನ್ನಿ ವಿಷಯ ಎತ್ತಬ್ಯಾಡ್ರಿ. ಯಾಕ ಹಿಂಗ ಮಾಡಿದಿ ಅಂತ ಕೇಳಿದ್ರ ಹೆದರಿ ನಿಮಗ ಬೇಕಾದದ್ದೇ ಹೇಳ್ತಾಳ. ಏನರ ಎಣಿಸ್ಲಿಕ್ಕಿ ಕೊಟ್ಟು ಸುಮ್ನ ನೋಡ್ರಿ."

ಹತ್ತು ಗಂಟೆಗೆ ಠಾಣಾ ಕುಶನೂರದಲ್ಲಿ ಬಸ್ಸಿಳಿದೆ. ಮುದುಕಿ ಮನೆಯ ಮುಂದಿನ ಬೇವಿನ ನೆರಳಲ್ಲಿ ಹುಣಸೆಹಣ್ಣು ರಾಶಿ ಹಾಕಿಕೊಂಡು ಸಿಪ್ಪೆ ಬಿಡಿಸುತ್ತಿದ್ದಳು. ಕೊರಳಲ್ಲಿ ಲಿಂಗದ ಕರಡಿಗೆ, ನನಗಿಂತ ನಾಲ್ಕೈದು ವರ್ಷ ಹಿರಿಯಳಿರಬಹುದು.

"ಶರಣಾರ್ಥಿ ಬರ್ರಿ ಅಕ್ಕೋರ. ಆ ನಮ್ಮ ಪೋರಿ ಬರ್ಲಿಲ್ಲೇನ್ರಿ? ಭಾಲ್ಕಿ ಪೋರಿ? ಚೊಲೊ ಪೋರಿ ಅದ. ನಾ ಹೇಳಿದ್ದು ಬರ್ದು, ತಿರುಗಿ ಓದಿ ತೋರಸ್ತಿತ್ತು."

ಬಂದಿಲ್ಲ ಎಂದಷ್ಟೇ ಹೇಳಿದೆ. ಸ್ವಲ್ಪ ಹೊತ್ತು ಕೂತು, ಮಾತಿನ ನಡುವೆ ಹುಣಸೆಕಾಯಿಯ ಐದು ಗುಂಪು ಮಾಡಿದೆ. ನಾನು ಎಣಿಸಿ ಇಟ್ಟದ್ದು ನಲವತ್ತು, ನಲವತ್ಮೂರು, ಐವತ್ತು, ಐವತ್ತೆಂಟು, ಅರವತ್ತು. ಇವು ಎಷ್ಟಿವೆ ನೋಡಿ ಹೇಳಿ ಎಂದೆ. ಮುದುಕಿ ಎಡಗೈಯಿಂದ ಎರಡೆರಡೇ ಸರಿಸುತ್ತ ಎಣಿಸಿದಳು. ಕೈ ಬಲು ಚುರುಕು. ಮೊದಲ ಗುಂಪು ನಲವತ್ತಕ್ಕೆ ಮುಗಿಯಿತು. ಮಾತು ನಿಲ್ಲಿಸದೆಯೇ ಬಲಗೈ ಚಾಚಿ, ಪಕ್ಕದಲ್ಲಿ ಬಿದ್ದಿದ್ದ ಒಂದು ಕಾಯಿ ಎತ್ತಿ ಮೇಲಿಟ್ಟು, "ನಾಕ್ವತ್ತೊಂದು" ಎಂದಳು. ಎರಡನೆಯದು ನಲವತ್ಮೂರು. ಮೂರನೆಯದು ಐವತ್ತೊಂದು. ನಾಲ್ಕನೆಯದು ಐವತ್ತೆಂಟು. ಐದನೆಯದು ಅರವತ್ತೊಂದು.

"ಈ ಮೇಲಿನದು ಎಲ್ಲಿಂದ ಬಂತು?" ಎಂದು ಕೇಳಿದೆ.

"ಅಲ್ಲೇ ಬಿದ್ದಿತ್ತಲ್ರಿ."

"ತೊಗರಿ ಎಣಿಸುವಾಗಲೂ ಹೀಗೇ ಮಾಡಿದಿರಾ?"

"ಮತ್ತ?" ಅವಳಿಗೆ ನನ್ನ ಪ್ರಶ್ನೆಯೇ ತಿಳಿಯಲಿಲ್ಲ. "ಪೂರಾ ಹತ್ತಕ್ಕ ನಿಲ್ಲಸ್ತಾರೇನ್ರಿ? ಬೆಳಿ ಎಣಿಸಾಗ ಪೂರಾ ಆಯ್ತಂದ್ರ ಮುಗೀತಂದಂಗ. ಮುಂದಿನ ವರ್ಷ ಬರ್ಬೇಕಿಲ್ಲೇನು? ಮ್ಯಾಲೊಂದ ಇಡ್ಬೇಕು. ಬ್ಯಾರೆ ಗಿಡದ್ದು ಕಿತ್ತಿಲ್ರಿ, ನೆಲದಾಗ ಬಿದ್ದದ್ದೇ ಇಟ್ಟೀನಿ. ನಿಮ್ಮ ಮನ್ಯಾಗ ಜ್ವಾಳ ಅಳ್ಯಾಗ ಮ್ಯಾಲೊಂದ ಹಿಡಿ ಹಾಕಂಗಿಲ್ಲೇನ್ರಿ?"

ಒಳಗಿಂದ ಸೊಸೆ ನಗುತ್ತ ಬಂದಳು. "ನನಗೂ ಹಂಗೇ ಮಾಡಂತ ಹೇಳಿದ್ದರ್ರಿ. ನಾ ಸಾಲಿ ಕಲ್ತಾಕಿ, ಇದ್ದಷ್ಟೇ ಹೇಳಿದೆ. ಮನಿಗಿ ಬಂದ ಮ್ಯಾಲ ಬೈಸ್ಕೊಂಡೆ."

ನಮ್ಮ ಮನೆಯಲ್ಲೂ ಹಾಕುತ್ತೇವೆ. ಗಿರಣಿಗೆ ಜೋಳ ಕಳಿಸುವಾಗ ನಾನೇ ಅಳೆದು, ಸೇರು ತುಂಬಿದ ಮೇಲೆ ಒಂದು ಹಿಡಿ ಹಾಕುತ್ತೇನೆ. ನನ್ನ ತಾಯಿ ಹಾಕುತ್ತಿದ್ದಳು. ಮದುವೆಯ ಆಹೇರಿಗೆ ನೂರು ಕೊಡುವುದಿಲ್ಲ, ನೂರ ಒಂದು ಕೊಡುತ್ತೇವೆ. ಆ ಸಭೆಯಲ್ಲಿ ಕೂತಿದ್ದ ಐದೂ ಜನರ ಮನೆಯಲ್ಲಿ ಇದೇ ರೂಢಿ. ಹೊರಗಿನವರು ಯಾರಾದರೂ ಇದ್ದಿದ್ದರೆ ಇಲ್ಲಿನವರು ಎಣಿಸುವ ರೀತಿ ಹೇಗೆ ಎಂದು ಕೇಳುತ್ತಿದ್ದರೇನೋ. ನಾವು ಇಲ್ಲಿಯವರೇ ಆದ್ದರಿಂದ ಯಾರೂ ಕೇಳಲಿಲ್ಲ. ಸೊನ್ನೆಗೆ ನಿಲ್ಲಬೇಕಾದ ಎಣಿಕೆಯೆಲ್ಲ ಒಂದಕ್ಕೆ ಸರಿದಿತ್ತು. ಸೊನ್ನೆ ಕಾಣೆಯಾಗಿ ಒಂದು ಇಮ್ಮಡಿಯಾದದ್ದಕ್ಕೆ ಇಷ್ಟೇ ಕಾರಣ. ನೂರೈವತ್ತು ಕಾಯಿಗೆ ಒಂದು ಹೆಚ್ಚಾದರೆ ಪ್ರಯೋಗಕ್ಕೆ ಏನೂ ಆಗುವುದಿಲ್ಲ.

ಸಹಾಯಕಿಗೆ ಏನಾಗಿದೆ ಎಂದು ಮುದುಕಿಗೆ ಹೇಳಲಿಲ್ಲ. ಹೇಳುವ ಧೈರ್ಯವಾಗಲಿಲ್ಲ.

ಅಂದೇ ಮಧ್ಯಾಹ್ನ ಮೂರಕ್ಕೆ ಮುಖ್ಯಸ್ಥರ ಕೋಣೆ. ನನ್ನ ವರದಿ ತಪ್ಪು, ಹಿಂತೆಗೆದುಕೊಳ್ಳುತ್ತೇನೆ, ಚೀಲಗಳನ್ನು ಬಿಚ್ಚಿ ಎಣಿಸೋಣ ಎಂದೆ. ಅವರು ಫ್ಯಾನು ಜೋರು ಮಾಡಿದರು.

"ಮೇಡಂ, ಫೈಲ್ ಮುಚ್ಚ್ಯದ. ನೋಂದಣಿ ತಾರೀಖೂ ಮುಗದದ. ಈಗ ನಾವೇ ತಪ್ಪ ಮಾಡೇವಿ ಅಂತ ಬರದ್ರ ಕೇಂದ್ರದ ಮರ್ಯಾದಿ ಏನ್ ಉಳೀತದ್ರಿ?"

"ಹುಡುಗಿಯ ಮರ್ಯಾದೆ?"

"ಸಣ್ಣ ವಯಸ್ಸದ. ಇನ್ನೊಂದ ಕಡಿ ಸೇರ್ಕೋತಾಳ." ಆಮೇಲೆ ದನಿ ತಗ್ಗಿಸಿ ಹೇಳಿದರು: "ದಾಖಲಿ ಸುಳ್ಳಂತ ಆಗಿದ್ದಕ್ಕೇ ಮ್ಯಾಲಿನವ್ರು ಮುಂದಿನ ವರ್ಷ ಪ್ರಯೋಗ ಮತ್ತ ಮಾಡ್ರಿ ಅಂದಾರ. ಖರೆ ಅಂತಾದ್ರ ಲಕೋಟಿ ಒಡೀಬೇಕು. ಒಡದ್ರ ಏನ್ ಬರ್ತದ ನಮಗ್ಯಾರಿಗೂ ಗೊತ್ತಿಲ್ಲ. ಬಿಡ್ರಿ ಅತ್ಲಾಗ."

ಚೀಲಗಳು? ಮಾರ್ಚ್ ಮುಗಿಯುವುದರೊಳಗೆ ಶೆಡ್ಡು ಖಾಲಿ ಮಾಡಬೇಕಿತ್ತು. ಭಾನುವಾರ ಬೆಳಿಗ್ಗೆ ಬೇಳೆ ಮಿಲ್ಲಿನ ಗಾಡಿ ಬಂದು ಗೋಣಿಗಳನ್ನು ಒಯ್ಯುತ್ತದೆ ಎಂದರು.

ಮನೆಗೆ ಬಂದು ರಾತ್ರಿಯ ಅಡುಗೆಗೆ ಮುಂಚೆ ಎರಡು ಪತ್ರ ಬರೆದೆ. ಒಂದು, ಫೆಬ್ರುವರಿಯ ನನ್ನ ವರದಿಯನ್ನು ಹಿಂತೆಗೆದುಕೊಂಡು ವಿಶ್ವವಿದ್ಯಾಲಯಕ್ಕೆ. ಇನ್ನೊಂದು, ಮಾದರಿ ಬರಹ ಬರೆಯಲಾರೆ, ಕೇಂದ್ರದ ಕೆಲಸ ಬಿಟ್ಟಿದ್ದೇನೆ ಎಂದು ಮುಖ್ಯಸ್ಥರಿಗೆ. ಎಣಿಕೆಯಾದ ಮೇಲೆ ಎರಡಕ್ಕೂ ಸಹಿ ಎಂದುಕೊಂಡು ಮಡಿಚಿಟ್ಟೆ. ಆಮೇಲೆ ಎಂಜಿನಿಯರ್‌ಗೆ ಫೋನ್ ಮಾಡಿದೆ. ಶೆಡ್ಡಿನ ಬೀಗ, ಅರಗಿನ ಮುದ್ರೆ ಎರಡೂ ಅವರ ಹತ್ತಿರ ಇದ್ದವು.

"ಶನಿವಾರ ಬಾಗ್ಲಾ ತೆಗೀರಿ ಅಂತೀರೇನ್ರಿ?" ಎಂದರು. "ಮೇಡಂ, ಒಂದ ಮಾತ ಹೇಳ್ತೀನಿ. ನಾ ಹೊಲದಾಗ ನಿಂತು ನೋಡೀನಿ. ಈ ಸಾಲ, ಆ ಸಾಲ, ಎಲ್ಲಾ ಒಂದೇ ಕಾಣ್ತಿದ್ವು. ದಾಖಲಿ ಖರೆ ಆಯ್ತಂದ್ರ ನನ್ನ ಮಶಿನ್ ಏನೂ ಮಾಡಿಲ್ಲಂತ ಬರೀತೀರಿ."

"ಲಕೋಟೆಯಲ್ಲಿ ಹಾಗೇ ಇದ್ದರೆ ಹಾಗೇ ಬರೆಯುತ್ತೇನೆ."

"ಮಾಲೂಮ್ ಅದ." ಉಸಿರುಬಿಟ್ಟರು. "ಎಂಟೂವರೆಗಿ ಬರ್ರಿ. ಬೀಗ ನಾ ತೆಗೀತೀನಿ."

ಶುಕ್ರವಾರ ಭಾಲ್ಕಿಗೆ ಹೋದೆ. ಸಹಾಯಕಿ ಒಂದು ಬೀಜ ಗೊಬ್ಬರದ ಅಂಗಡಿಯಲ್ಲಿ ಕಂಪ್ಯೂಟರಿನ ಮುಂದೆ ಬಿಲ್ಲು ಮಾಡುತ್ತ ಕೂತಿದ್ದಳು. ನನ್ನನ್ನು ನೋಡಿ ಎದ್ದು ನಿಲ್ಲಲಿಲ್ಲ.

"ಏನ್ ಕೊಡ್ಲಿರಿ ಮೇಡಂ? ತೊಗರಿ ಬೀಜ ಅದ. ಎಣಿಸಿ ಕೊಡಂಗಿಲ್ಲ, ತೂಕ ಮಾಡಿ ಕೊಡ್ತೀವಿ."

ಗಿರಾಕಿಗಳು ಹೋಗುವವರೆಗೆ ನಿಂತಿದ್ದೆ. ಆಮೇಲೆ ಒಂಬತ್ತನೆಯ ಪುಟದಿಂದ ಹುಣಸೆಕಾಯಿಯವರೆಗೆ ಎಲ್ಲವನ್ನೂ ಕ್ರಮವಾಗಿ ಹೇಳಿದೆ. ಕ್ಷಮೆಯನ್ನೂ ಕೇಳಿದೆ. ಅವಳು ಮೌಸಿನ ಮೇಲಿಂದ ಕೈ ತೆಗೆಯಲಿಲ್ಲ.

"ಪೂರಾ ಹತ್ತಕ್ಕ ನಿಲ್ಲಸ್ಬಾರ್ದು," ಎಂದಳು ಕೊನೆಗೆ. "ನಮ್ಮವ್ವನೂ ಹಂಗೇ ಮಾಡ್ತಾಳ. ನಾ ಚೀಲದ ಬಾಯಿ ಹಿಡಕೊಂಡು ಅಲ್ಲೇ ಕುಂತಿದ್ದೆ, ಆ ಮುದುಕಿ ಆಯಿ ಕೈ ಚಾಚೋದು ದಿನಾ ನೋಡೀನಿ. ಅದು ಎಣಿಕಿ ಮುಗಿಸೋ ರೀತಿ ಅನಸ್ತೇ ವಿನಾ ತಪ್ಪಂತ ಕಣ್ಣಿಗಿ ಬೀಳ್ಲೇ ಇಲ್ಲ." ನನ್ನ ಕಡೆ ನೋಡಿ, "ಅವತ್ತು ಚೀಲ ಎಣಿಸ್ರಿ ಅಂದೆ. ನೀವು ಏನಂದ್ರಿ, ನೆನಪದೇನ್ರಿ?"

"ಮೂವರ ಒಂದು ದಿನ ಹಾಳು ಎಂದೆ."

"ಹ್ಞಾ. ನಿಮಗ ನೆನಪದಲ್ಲ, ಸಾಕು." ಗಿರಾಕಿಯೊಬ್ಬರು ಬಂದರು. ಅವಳು ಪರದೆಯ ಕಡೆ ತಿರುಗಿದಳು. ನಾಳೆ ಎಂಟೂವರೆಗೆ ಎಂದು ಹೇಳಿ ಹೊರಟೆ. ಅವಳು ಗಿರಾಕಿಯ ಬಿಲ್ಲು ಮಾಡತೊಡಗಿದಳು.

ಶನಿವಾರ, ಬೆಳಿಗ್ಗೆ ಎಂಟೂವರೆ, ಕೊಳಾರದ ಶೆಡ್ಡು. ಹಾಜರಿದ್ದವರು ಎಂಜಿನಿಯರ್, ಫೋನ್ ಮಾಡಿ ಕರೆಸಿಕೊಂಡಿದ್ದ ಮನಃಶಾಸ್ತ್ರಜ್ಞೆ, ನಾನು. ಗೋಣಿಗಳ ಅರಗು ಒಡೆಯದೆ ಇದೆ ಎಂದು ಮೂವರೂ ನೋಡಿ ಸಹಿ ಮಾಡಿದೆವು. ಸಹಾಯಕಿಯ ಪುಸ್ತಕವನ್ನು ಕಟ್ಟಿ ಕಪಾಟಿನಲ್ಲಿಟ್ಟು ಬೀಗ ಹಾಕಿದೆವು. ಒಬ್ಬೊಬ್ಬರಿಗೆ ಎಂಬತ್ತು ಚೀಲ. ಎಣಿಸಿ, ಚೀಲದ ನಂಬರು ಮತ್ತು ಸಂಖ್ಯೆಯನ್ನು ಚೀಟಿಯಲ್ಲಿ ಬರೆದು, ಚೀಟಿ ಎತ್ತಿದ್ದ ಅದೇ ಸ್ಟೀಲ್ ಡಬ್ಬಿಗೆ ಹಾಕುವುದು. ಎಲ್ಲ ಮುಗಿಯುವವರೆಗೆ ಪುಸ್ತಕ ತೆರೆಯುವಂತಿಲ್ಲ.

ಒಂಬತ್ತೂಕಾಲಿಗೆ ಸಹಾಯಕಿ ಬಂದಳು. ಅವಳು ಚೀಲ ಮುಟ್ಟುವಂತಿರಲಿಲ್ಲ, ಅದು ಅವಳಿಗೂ ಗೊತ್ತಿತ್ತು. ಬಾಗಿಲ ಮೆಟ್ಟಿಲ ಮೇಲೆ ಕೂತಳು. ಎಂಜಿನಿಯರ್ ಚಹಾ ಕೊಟ್ಟಾಗ ತೆಗೆದುಕೊಂಡಳು, ನಾನು ಊಟಕ್ಕೆ ಕರೆದಾಗ ಬೇಡ ಎಂದಳು.

ತಗಡಿನ ಮಾಡು ಕಾದು ಶೆಡ್ಡು ಒಲೆಯಂತಾಗಿತ್ತು. ಒಣ ಕಾಯಿಯ ಧೂಳು ಮೂಗಿಗೆ ಹತ್ತುತ್ತಿತ್ತು. ಹನ್ನೆರಡರ ಸುಮಾರಿಗೆ ಎಂಜಿನಿಯರ್ ಒಂದು ಕಾಯಿ ಎತ್ತಿ ಬೆಳಕಿಗೆ ಹಿಡಿದರು.

"ಅರೇ ಮೇಡಂ, ಇಲ್ಲಿ ನೋಡ್ರಿ. ಎಲ್ಲಾ ಸಾಫ್ ಅವ. ಈ ಒಂದಕ್ಕೇ ಮಣ್ಣ ಹತ್ಯದ."

ಎರೆ ಮಣ್ಣು, ಒಣಗಿ ಬೂದು ಬಣ್ಣಕ್ಕೆ ತಿರುಗಿತ್ತು, ಒಂದು ಬದಿಗೆ ಗಟ್ಟಿಯಾಗಿ ಅಂಟಿತ್ತು. ನೆಲಕ್ಕೆ ಬಿದ್ದು ಇಬ್ಬನಿಯಲ್ಲಿ ನೆಂದ ಕಾಯಿ. ಆ ಚೀಲದ ಎಣಿಕೆ ನೂರ ಎಪ್ಪತ್ತೊಂದು. ಆಮೇಲೆ ನನ್ನ ಪಾಲಿನಲ್ಲೂ ಅಂಥವು ಸಿಗತೊಡಗಿದವು. ಮಣ್ಣಿನ ಕಾಯಿ ಇದ್ದ ಚೀಲಗಳೆಲ್ಲ ಒಂದಕ್ಕೆ ಮುಗಿಯುತ್ತಿದ್ದವು. ಬಿಚ್ಚಿ ನೋಡಿದ್ದರೆ ಫೆಬ್ರುವರಿಯಲ್ಲೇ ಕಾಣುತ್ತಿತ್ತು.

ನಾಲ್ಕಕ್ಕೆ ಎಣಿಕೆ ಮುಗಿಯಿತು. ಕಪಾಟು ತೆರೆದು ಮನಃಶಾಸ್ತ್ರಜ್ಞೆ ಪುಸ್ತಕ ಓದಿದರು, ನಾನು ಚೀಟಿ ಓದಿದೆ, ಎಂಜಿನಿಯರ್ ಗುರುತು ಹಾಕಿದರು. ಇನ್ನೂರ ಮೂವತ್ತಾರು ಚೀಲ ಕೂಡಿಬಂದವು. ನಾಲ್ಕು ಬರಲಿಲ್ಲ. ನಾಲ್ಕೂ ನನ್ನ ಪಾಲಿನವು. ಅವನ್ನು ಮನಃಶಾಸ್ತ್ರಜ್ಞೆ ಮತ್ತೆ ಎಣಿಸಿದರು. ಪುಸ್ತಕದಲ್ಲಿದ್ದದ್ದೇ ಸರಿ. ತಪ್ಪಿದವಳು ನಾನು.

ಆಮೇಲೆ ಮನೆಯಿಂದ ತಂದಿದ್ದ ಲಕೋಟೆ ಒಡೆದೆ. ಪ್ಲಾಸ್ಮಾ ಪಟ್ಟಿಗಳ ಸರಾಸರಿಯನ್ನೂ ಸಾದಾ ಪಟ್ಟಿಗಳ ಸರಾಸರಿಯನ್ನೂ ಅಲ್ಲೇ ತೆಗೆದೆ. ವ್ಯತ್ಯಾಸವೆಂದು ಹೇಳುವಂಥದ್ದು ಏನೂ ಇರಲಿಲ್ಲ. ಎಂಜಿನಿಯರ್ ಕಾಗದ ನೋಡಿ, ಹೋಗಿ ಯಂತ್ರದ ಮೇಲಿನ ಧೂಳನ್ನು ಕರವಸ್ತ್ರದಿಂದ ಒರೆಸಿದರು. "ಬಿರ್ಯಾನಿ ಆಗ್ಲಿಲ್ಲ ನೋಡ್ರಿ," ಎಂದರು.

ತಾಳೆಪಟ್ಟಿಗೆ ಮೂವರೂ ಸಹಿ ಮಾಡಿದೆವು. ಎರಡು ಪತ್ರಗಳಿಗೂ ನಾನು ಸಹಿ ಹಾಕಿದೆ. ತಾಳೆಪಟ್ಟಿ ಮತ್ತು ವರದಿ ಹಿಂತೆಗೆದುಕೊಂಡ ಪತ್ರದ ಒಂದೊಂದು ಪ್ರತಿಯನ್ನು ಮೆಟ್ಟಿಲ ಹತ್ತಿರ ಒಯ್ದು ಸಹಾಯಕಿಗೆ ಕೊಟ್ಟೆ. ಅವಳು ನಿಂತೇ ಎಲ್ಲವನ್ನೂ ಓದಿದಳು.

"ಇದ ತೊಗೊಂಡು ವಿಶ್ವವಿದ್ಯಾಲಯಕ್ಕ ಹೋದ್ರ ಏನಂತಾರ್ರಿ?"

"ಗೊತ್ತಿಲ್ಲ. ತಾರೀಖು ಮುಗಿದಿದೆ ಎನ್ನಬಹುದು. ನಾನೂ ಜೊತೆಗೆ ಬರುತ್ತೇನೆ."

"ಬ್ಯಾಡ್ರಿ," ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ, ಇದ್ದಿದ್ದರೆ ಒಳ್ಳೆಯದಿತ್ತು. "ನೀವು ಬಂದ್ರ ಮತ್ತ ನಿಮ್ಮ ಮಾತೇ ಕೇಳ್ತಾರ. ನನ್ನ ಮಾತ ನಾನೇ ಹೇಳ್ತೀನಿ. ಕೇಳಿದ್ರ ಕೇಳ್ಲಿ." ಕಾಗದವನ್ನು ನಾಲ್ಕಾಗಿ ಮಡಿಚಿ ಪರ್ಸಿನಲ್ಲಿ ಇಟ್ಟುಕೊಂಡಳು. ಮನಃಶಾಸ್ತ್ರಜ್ಞೆಗೆ, ಎಂಜಿನಿಯರ್‌ಗೆ ಬರ್ತೀನ್ರಿ ಎಂದು ಹೇಳಿ ಬಸ್ಸಿನ ದಾರಿ ಹಿಡಿದಳು.

ಮಿಕ್ಕ ಕೆಲಸ ನನ್ನದು. ನಾಳೆ ಮಿಲ್ಲಿಗೆ ಹೋಗುವವೇ ಆದರೂ ಬಟ್ಟೆ ಚೀಲಗಳನ್ನು ನಂಬರಿನ ಪ್ರಕಾರ ಗೋಣಿಗೆ ತುಂಬಿ, ದಬ್ಬಣದಿಂದ ಬಾಯಿ ಹೊಲಿದೆ. ಎಂಜಿನಿಯರ್ ಅರಗು ಕಾಯಿಸಿ ಒತ್ತಿದರು. ಕೊನೆಯ ಗೋಣಿಯ ಗಂಟು ಹಾಕಿದಾಗ ಸಂಜೆ ಐದು ನಲವತ್ತು. ದಾಖಲೆಯ ಪುಸ್ತಕದಲ್ಲಿ ಸಮಯ ಬರೆದು, ಅದರ ಕೆಳಗೆ ಎಣಿಸಿದ ಒಟ್ಟು ಚೀಲಗಳ ಸಂಖ್ಯೆ ಬರೆದೆ: ಇನ್ನೂರ ನಲವತ್ತು. ಅಲ್ಲಿಗೇ ನಿಲ್ಲಿಸಿದೆ.